ಕೈಯಲ್ಲಿರುವ ಫೋನಿನಿಂದ ಗಿರಾಕಿಯ ಮನೆಗೆ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರ, ಗೊಬ್ಬರ, ಹನಿ ನೀರಾವರಿ, ಕೀಟ, ರೋಗ, ಇವುಗಳ ವಿಷಯವಾಗಿ ತಮ್ಮ ಮುಂದೆ ಅನೇಕ ಸಲ ಮಾತನಾಡಿದ್ದೇನೆ. ಇವತ್ತಿನ ಮಾತು ಬೆಳೆಯುವುದರ ಬಗ್ಗೆ ಅಲ್ಲ, ಮಾರುವುದರ ಬಗ್ಗೆ. ಕೊಪ್ಪಳದ ಕೇಸರ್ ಮಾವು, ಕುಷ್ಟಗಿಯ ದಾಳಿಂಬೆ, ಯಲಬುರ್ಗಾದ ಬಿಳಿಜೋಳ, ಗಂಗಾವತಿಯ ಸೋನಾ ಮಸೂರಿ, ಇವನ್ನು ಬೆಳೆಯುವುದರಲ್ಲಿ ತಾವು ನುರಿತವರು. ಆದರೆ ತಮ್ಮ ಮಾಲನ್ನು ಕಡೆಗೆ ಯಾರು ತಿನ್ನುತ್ತಾರೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ತಿನ್ನುವವರಿಗೂ ನಮ್ಮ ಹೆಸರು ತಿಳಿಯದು. ಈ ಅಪರಿಚಯದಿಂದಲೇ ನಮಗೆ ನಷ್ಟವಾಗುತ್ತಿದೆ.

ವಾರದ ಸಂತೆಯಲ್ಲಿ ಹಾಗಿಲ್ಲ. ಬೆಣ್ಣೆ ತರುವ ತಾಯಿಯ ಬುಟ್ಟಿ ಇಳಿಯುವ ಮೊದಲೇ ಅವಳ ಖಾಯಂ ಗಿರಾಕಿಗಳು ಬಂದು ನಿಂತಿರುತ್ತಾರೆ. ಆಕೆಯ ಬೆಣ್ಣೆ ಶುದ್ಧ, ತೂಕ ಸರಿ ಎಂದು ಅವರಿಗೆ ಗೊತ್ತು. ಪಕ್ಕದಲ್ಲಿ ಎರಡು ರೂಪಾಯಿ ಕಡಿಮೆಗೆ ಸಿಕ್ಕರೂ ಅತ್ತ ಹೋಗುವುದಿಲ್ಲ. ವಾಟ್ಸ್‌ಆಪ್, ಫೇಸ್‌ಬುಕ್, ಯೂಟ್ಯೂಬ್ ಮುಂತಾದ ಸಾಮಾಜಿಕ ಜಾಲತಾಣಗಳಿಂದ ರೈತನಿಗೆ ಆಗಬೇಕಾದ ಉಪಕಾರವೂ ಇದೇ. ಸಂತೆಯ ಆ ಪರಿಚಯವನ್ನು ಹುಬ್ಬಳ್ಳಿಗೆ, ಬೆಂಗಳೂರಿಗೆ ಒಯ್ಯುವುದು. ಇದಕ್ಕಿಂತ ಹೆಚ್ಚಿನ ಮಾಯೆ ಅದರಲ್ಲಿಲ್ಲ.

ಮಾವಿನ ತೋಟದ ಮಾತನ್ನೇ ತೆಗೆದುಕೊಳ್ಳೋಣ. ಗಿಡ ಹೂವಿನಲ್ಲಿರುವಾಗಲೇ ಎಷ್ಟೋ ಜನ ತೋಟವನ್ನು ಗುತ್ತಿಗೆ ಕೊಟ್ಟುಬಿಡುತ್ತೇವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎನ್ನುವ ನಾವು ಕಾಯಿ ಕಚ್ಚುವ ಮೊದಲೇ ಬೆಲೆ ಕಟ್ಟಿಸಿಕೊಳ್ಳುತ್ತೇವೆ. ಕೈಗೆ ಮುಂಗಡ ಸಿಗುತ್ತದೆ, ಗಾಳಿ ಮಳೆಯ ಭಯ ಗುತ್ತಿಗೆದಾರನಿಗೆ ಹೋಗುತ್ತದೆ. ಆದ್ದರಿಂದ ಅದು ಪೂರ್ತಿ ಕೆಟ್ಟ ಪದ್ಧತಿಯೆಂದು ನಾನು ಹೇಳುವುದಿಲ್ಲ. ಆದರೆ ಬೇರೆ ದಾರಿಯೇ ಇಲ್ಲದೆ ಹಾಗೆ ಮಾಡುವುದು ಬೇರೆ, ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಬೇರೆ. ಎರಡನೆಯ ದಾರಿಯೊಂದು ಇದ್ದರೆ ಗುತ್ತಿಗೆಯ ಮಾತುಕತೆಯಲ್ಲಿಯೂ ನಮ್ಮ ದನಿ ಗಟ್ಟಿಯಾಗುತ್ತದೆ.

ಬಾಳೆಕಾಯಿ ಹಿಟ್ಟಿನ ಪಾಠ

ನಮ್ಮ ರಾಜ್ಯದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. 2021ರಲ್ಲಿ ಕೊರೊನಾ ಕಾಲದಲ್ಲಿ ಬಾಳೆ ಬೆಳೆದವರು ಬೆಲೆ ಸಿಗದೆ ಕಂಗಾಲಾದರು. ಆಗ ‘ಅಡಿಕೆ ಪತ್ರಿಕೆ’ಯ ಸಂಪಾದಕರಾದ ಶ್ರೀ ಪಡ್ರೆಯವರು ಬಾಳೆಕಾಯಿಯಿಂದ ಹಿಟ್ಟು ಮಾಡುವ ವಿಚಾರವನ್ನು ವಾಟ್ಸ್‌ಆಪ್ ಬಳಗಗಳ ಮೂಲಕ ಜನರಿಗೆ ಮುಟ್ಟಿಸಿದರು. ಕಾಯನ್ನು ಹೋಳು ಮಾಡಿ, ಒಣಗಿಸಿ, ಬೀಸಿದರೆ ಹಿಟ್ಟಾಯಿತು. ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಹೆಣ್ಣುಮಕ್ಕಳು ಆ ಹಿಟ್ಟಿನಿಂದ ದೋಸೆ, ಗುಲಾಬ್ ಜಾಮೂನು ಮಾಡಿ, ಅದರ ಚಿತ್ರ ತೆಗೆದು ಜಾಲತಾಣಗಳಲ್ಲಿ ಹಾಕಿದರು. ನೋಡಿದವರು ‘ನಮಗೂ ಹಿಟ್ಟು ಬೇಕು’ ಎಂದು ಕೇಳತೊಡಗಿದರು. ಅದೇ ವರ್ಷದ ಜುಲೈ 25ರಂದು ಪ್ರಧಾನಮಂತ್ರಿಗಳು ‘ಮನದ ಮಾತು’ ಬಾನುಲಿ ಕಾರ್ಯಕ್ರಮದಲ್ಲಿ ಈ ಕೆಲಸವನ್ನು ಹೆಸರಿಸಿ ಮೆಚ್ಚಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶಗಳು ಎರಡು. ಒಂದು: ಆ ತಾಯಂದಿರು ‘ನಮ್ಮ ಬಾಳೆ ಕೊಳೆಯುತ್ತಿದೆ, ಕೊಳ್ಳಿರಿ’ ಎಂದು ಬೇಡಲಿಲ್ಲ. ‘ಇದರಿಂದ ಇಂಥ ತಿಂಡಿಯಾಗುತ್ತದೆ, ನೋಡಿರಿ’ ಎಂದು ತೋರಿಸಿದರು. 2020ರ ಲಾಕ್‌ಡೌನಿನಲ್ಲಿ ಕಷ್ಟದ ವಿಡಿಯೋ ನೋಡಿ ಮರುಗಿ ಕೊಂಡವರಿದ್ದರು. ಅವರ ದೊಡ್ಡ ಮನಸ್ಸಿಗೆ ನಮಸ್ಕಾರ. ಆದರೆ ಮರುಕದಿಂದ ಕೊಂಡವರು ಒಂದು ಸಲ ಕೊಳ್ಳುತ್ತಾರೆ, ರುಚಿ ಹತ್ತಿದವರು ಪ್ರತಿವರ್ಷ ಕೊಳ್ಳುತ್ತಾರೆ. ಎರಡು: ಹಸಿ ಕಾಯಿ ಕೆಲವೇ ದಿನದ ಮಾಲು, ಒಣಗಿಸಿದ ಹಿಟ್ಟು ತಿಂಗಳುಗಟ್ಟಲೆ ಇರುವ ಮಾಲು. ದೂರದ ಗಿರಾಕಿಗೆ ಕಳಿಸುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ನೋಡಲು ಬಂದವರು, ಕೊಳ್ಳಲು ಬಂದವರು

2023ರ ಮೇ ತಿಂಗಳಲ್ಲಿ ಕೊಪ್ಪಳದ ಮಾವಿನ ಮೇಳದಲ್ಲಿ ತೋಟಗಾರಿಕೆ ಇಲಾಖೆಯವರು ಜಪಾನ್ ದೇಶದ ಮಿಯಾಝಾಕಿ ಎಂಬ ತಳಿಯ ಹಣ್ಣನ್ನು ಇಟ್ಟಿದ್ದರು. ಕಿಲೋಗೆ ಲಕ್ಷಗಟ್ಟಲೆ ಬೆಲೆಯ ಹಣ್ಣು ಎಂಬ ಸುದ್ದಿ ಊರೂರಿನ ಫೋನುಗಳಲ್ಲಿ ಹರಿದಾಡಿತು. ಮೇಳಕ್ಕೆ ಜನರನ್ನು ಕರೆಯಲು ಅಂಥದೊಂದು ಆಕರ್ಷಣೆ ಬೇಕು ನಿಜ. ಆದರೆ ಬಾಯಿ ತೆರೆದು ನೋಡುವ ಹಣ್ಣು ಬೇರೆ, ಚೀಲದಲ್ಲಿ ಹಾಕಿಕೊಂಡು ಹೋಗುವ ಹಣ್ಣು ಬೇರೆ. ನಮ್ಮ ಹೊಟ್ಟೆ ತುಂಬಿಸುವುದು ಎರಡನೆಯದು. ತಮ್ಮ ಮಗ ಹಾಕಿದ ವಿಡಿಯೋವನ್ನು ಹತ್ತು ಸಾವಿರ ಜನ ನೋಡಿದರೆಂದು ಹಿಗ್ಗಬೇಡಿರಿ. ಅದರಲ್ಲಿ ಹತ್ತು ಮನೆಯವರು ಎರಡನೆಯ ಸಲ ಹಣ್ಣು ತರಿಸಿಕೊಂಡರೆ ಹಿಗ್ಗಿರಿ.

ಸರ್ಕಾರದ ಕಡೆಯಿಂದಲೂ ಇಂಥ ಪ್ರಯತ್ನ ನಡೆದಿದೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದವರು ಕರ್ಸಿರಿ ಎಂಬ ಜಾಲತಾಣವನ್ನು ತೆರೆದರು. 2019ರಲ್ಲಿ ಅಂಚೆ ಇಲಾಖೆಯವರು ಬೆಂಗಳೂರಿನಲ್ಲಿ ಮನೆಮನೆಗೆ ಮಾವಿನ ಪೆಟ್ಟಿಗೆ ಮುಟ್ಟಿಸುವ ಕೆಲಸಕ್ಕೆ ಕೈಹಾಕಿದರು. ಅಂದರೆ ಪಟ್ಟಣದ ಜನ ತೋಟದಿಂದ ನೇರವಾಗಿ ಹಣ್ಣು ಕೊಳ್ಳಲು ಸಿದ್ಧರಿದ್ದಾರೆ ಎಂಬುದು ಈಗ ಹೊಸ ಮಾತಲ್ಲ.

ಮಾಲಿಗೆ ತಕ್ಕ ಮಾತು

ಎಲ್ಲ ಮಾಲಿಗೂ ಒಂದೇ ರೀತಿಯ ವಿವರ ಕೊಟ್ಟರೆ ಸಾಲದು.

ಮಾವನ್ನು ಬೆಳಗಿನ ಹೊತ್ತು, ಸ್ವಲ್ಪ ತೊಟ್ಟು ಉಳಿಸಿ ಕೊಯ್ಯಿರಿ. ಸೊನೆ ಸಿಪ್ಪೆಗೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಬಲಿತ ಗಟ್ಟಿ ಕಾಯನ್ನೇ ಕಳಿಸಿ, ಹುಲ್ಲಿನಲ್ಲಿಟ್ಟು ಎಷ್ಟು ದಿನಕ್ಕೆ ತಿನ್ನಬೇಕೆಂದು ಪೆಟ್ಟಿಗೆಯ ಮೇಲೆ ಬರೆಯಿರಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ಕಾಯಿದೆಗೆ ವಿರುದ್ಧ. ‘ನಾವು ಕಾರ್ಬೈಡ್ ಮುಟ್ಟುವುದಿಲ್ಲ’ ಎಂದು ಹೇಳಿ ಅದರಂತೆ ನಡೆದುಕೊಂಡರೆ ಅದೇ ತಮ್ಮ ದೊಡ್ಡ ಪ್ರಚಾರ.

ದಾಳಿಂಬೆ ಗಿಡದಿಂದ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಆದ್ದರಿಂದ ಪೂರ್ತಿ ಬಲಿತದ್ದನ್ನೇ ಕೀಳಬೇಕು. ಒಂದನ್ನು ಬಿಡಿಸಿ ಕಾಳಿನ ಬಣ್ಣ ತೋರಿಸಿರಿ. ಹೊರಗೆ ಕಲೆಯಿದ್ದು ಒಳಗೆ ಚೆನ್ನಾಗಿರುವ ಹಣ್ಣಿದ್ದರೆ ಕಲೆಯನ್ನೂ ತೋರಿಸಿ, ಬೆಲೆ ಇಳಿಸಿ ಮಾರಿರಿ.

ಅಕ್ಕಿಯಲ್ಲಿ ಪಟ್ಟಣದವರ ದೂರು ಒಂದೇ: ‘ಅನ್ನ ಮುದ್ದೆಯಾಯಿತು.’ ಅದು ಹೊಸ ಅಕ್ಕಿಯ ಗುಣ. ಭತ್ತ ಕೊಯ್ದದ್ದು ಯಾವಾಗ, ಅಕ್ಕಿ ಮಾಡಿಸಿದ್ದು ಯಾವಾಗ, ನೀರು ಎಷ್ಟು ಇಡಬೇಕು ಎಂದು ಮೂರು ಸಾಲು ಬರೆದರೆ ಅರ್ಧ ಜಗಳ ತಪ್ಪುತ್ತದೆ. ಜೋಳ ಮಾರುವ ಯಲಬುರ್ಗಾದ ಅಕ್ಕಂದಿರು ರೊಟ್ಟಿ ಬಡಿಯುವ ಒಂದು ನಿಮಿಷದ ವಿಡಿಯೋ ಹಾಕಲಿ. ಜೋಳದ ಗುಣ ರೊಟ್ಟಿಯಲ್ಲಿ ಕಾಣುವಷ್ಟು ಕಾಳಿನಲ್ಲಿ ಕಾಣುವುದಿಲ್ಲ. ಕಿನ್ನಾಳದ ಗೊಂಬೆಯನ್ನೂ ಹಾಗೆಯೇ. ಕಟ್ಟಿಗೆ ಕೆತ್ತಿ ಬಣ್ಣ ಹಚ್ಚುವ ಕೈಯನ್ನು ಕಂಡವರಿಗೆ ಅದರ ಬೆಲೆ ತಾನೇ ತಿಳಿಯುತ್ತದೆ.

ಹಸಿ ಮಾಲು ಬಿಟ್ಟು ಉಪ್ಪಿನಕಾಯಿ, ಹಿಟ್ಟು, ಹಪ್ಪಳ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ಸ್ವಸಹಾಯ ಸಂಘದ ತಾಯಂದಿರು ಇದನ್ನು ಮರೆಯಬಾರದು.

ಮೊದಲು ಲೆಕ್ಕ, ಆಮೇಲೆ ಚಿತ್ರ

ನೇರ ಮಾರಾಟವೆಂದರೆ ಬಂದದ್ದೆಲ್ಲ ಲಾಭ ಎಂಬ ಭ್ರಮೆ ಬೇಡ. ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ತಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳಿರಿ.

3 ಕಿಲೋ ಮಾವಿನ ಪೆಟ್ಟಿಗೆಯನ್ನು ಕಿಲೋಗೆ 120 ರೂಪಾಯಿಯಂತೆ 360 ರೂಪಾಯಿಗೆ ಮಾರಿದಿರಿ ಎನ್ನೋಣ. ರಟ್ಟಿನ ಪೆಟ್ಟಿಗೆಗೆ 35, ಕಾಗದ ಮತ್ತು ಹುಲ್ಲಿಗೆ 5, ತೋಟದಿಂದ ಬಸ್ ನಿಲ್ದಾಣಕ್ಕೆ 15, ಪಾರ್ಸೆಲ್ ಬಾಡಿಗೆ 60. ಹತ್ತು ಪೆಟ್ಟಿಗೆಗೆ ಒಂದು ಕೆಟ್ಟರೆ ಅದರ ಪಾಲು 36. ಒಟ್ಟು ಖರ್ಚು 151. ಕೈಯಲ್ಲಿ ಉಳಿಯುವುದು 209, ಅಂದರೆ ಕಿಲೋಗೆ ಸುಮಾರು 70 ರೂಪಾಯಿ. ವ್ಯಾಪಾರಿ ತೋಟದಲ್ಲಿಯೇ 50 ಕೊಡುತ್ತಿದ್ದರೆ ಕಿಲೋಗೆ 20 ಹೆಚ್ಚು ಸಿಕ್ಕಿತು. ಆದರೆ ಆರಿಸಿ, ತುಂಬಿ, ಫೋನಿನಲ್ಲಿ ಉತ್ತರ ಕೊಟ್ಟ ಮನೆಮಂದಿಯ ಕೂಲಿ ಅದರೊಳಗೇ ಬಂತು. ವ್ಯಾಪಾರಿ 70 ಕೊಡುತ್ತಿದ್ದರೆ ಈ ಗೋಜೇ ಬೇಡ, ಅವನಿಗೇ ಕೊಡಿರಿ.

ಹಾಗಾದರೆ ಲಾಭ ಎಲ್ಲಿ? ಕೂಡಿ ಕಳಿಸುವುದರಲ್ಲಿ. ಒಂದು ಊರಿನ ಐದು ಮನೆಯವರು ಸೇರಿ, ಬೆಂಗಳೂರಿನ ಒಂದೇ ಬಡಾವಣೆಗೆ ನೂರು ಪೆಟ್ಟಿಗೆ ಒಂದೇ ದಿನ ಕಳಿಸಿದರೆ ಬಾಡಿಗೆಯ ಪಾಲು ಇಳಿಯುತ್ತದೆ. ಆ ಬಡಾವಣೆಯಲ್ಲಿ ನಮ್ಮ ಊರಿನಿಂದ ದುಡಿಯಲು ಹೋದ ಹುಡುಗನೋ ಹುಡುಗಿಯೋ ಇರುತ್ತಾರೆ. ಅವರೇ ನಮ್ಮ ಮೊದಲ ಗಿರಾಕಿ, ಮೊದಲ ಸಾಕ್ಷಿ. ರೈತ ಉತ್ಪಾದಕರ ಸಂಸ್ಥೆ ಇರುವ ಕಡೆ ಅದರ ಹೆಸರಿನಲ್ಲಿಯೇ ಮಾಡುವುದು ಲೇಸು. ಆದರೆ ಕೂಡಿ ಮಾಡುವಾಗ ಒಬ್ಬನ ಕಳಪೆ ಹಣ್ಣು ಐವರ ಹೆಸರು ಕೆಡಿಸುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಬೆಳೆದವರ ಹೆಸರಿನ ಚೀಟಿ ಇರಲೇಬೇಕು.

ಮೊದಲ ವರ್ಷ ಬೆಳೆಯ ಹತ್ತರಲ್ಲಿ ಒಂದು ಪಾಲನ್ನು ಮಾತ್ರ ಹೀಗೆ ಮಾರಿರಿ. ಅಡತಿ ಅಂಗಡಿಯವರೊಡನೆ ಜಗಳ ಮಾಡಿಕೊಳ್ಳಬೇಡಿರಿ. ಉಳಿದ ಒಂಬತ್ತು ಪಾಲು ಹೋಗಬೇಕಾದದ್ದು ಅಲ್ಲಿಗೇ.

ಫೋನು ಬಳಸುವ ಕ್ರಮ

ವ್ಯಾಪಾರಕ್ಕಾಗಿಯೇ ಮಾಡಿದ ವಾಟ್ಸ್‌ಆಪ್ ಬಿಸಿನೆಸ್ 2018ರಿಂದ ಇದೆ. ಸಣ್ಣ ವ್ಯಾಪಾರಿಗಳು ಹಣ ಕೊಡದೆಯೇ ಅದನ್ನು ಬಳಸಬಹುದು. ಅದರಲ್ಲಿ ಮಾಲಿನ ಚಿತ್ರ, ಬೆಲೆ, ಊರು, ಕೆಲಸದ ವೇಳೆ ಎಲ್ಲವನ್ನೂ ಅಂಗಡಿಯ ಫಲಕದಂತೆ ಬರೆದಿಡಬಹುದು. ಒಂದೇ ಸುದ್ದಿಯನ್ನು ಅನೇಕರಿಗೆ ಬೇರೆ ಬೇರೆಯಾಗಿ ಮುಟ್ಟಿಸುವ ಸೌಕರ್ಯವೂ ವಾಟ್ಸ್‌ಆಪ್‌ನಲ್ಲಿದೆ. ಆದರೆ ಈ ಬಗೆಯ ಪಟ್ಟಿಯಿಂದ ಕಳಿಸಿದ ಸುದ್ದಿ, ತಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಮುಟ್ಟುತ್ತದೆ. ಆದ್ದರಿಂದ ಮೊದಲ ಪೆಟ್ಟಿಗೆಯ ಚೀಟಿಯಲ್ಲಿಯೇ ‘ಈ ನಂಬರನ್ನು ಉಳಿಸಿಕೊಳ್ಳಿರಿ’ ಎಂದು ಬರೆಯಿರಿ. ನಂಬರನ್ನು ಮೇಲಿಂದ ಮೇಲೆ ಬದಲಿಸಬೇಡಿರಿ. ರೀಚಾರ್ಜ್ ಮಾಡದೆ ಬಹುಕಾಲ ಬಿಟ್ಟರೆ ನಂಬರು ಬೇರೆಯವರ ಪಾಲಾಗುತ್ತದೆ, ಜೊತೆಗೆ ಗಿರಾಕಿಗಳೂ ಹೋಗುತ್ತಾರೆ.

ಚಿತ್ರವನ್ನು ಬೆಳಗಿನ ಬೆಳಕಿನಲ್ಲಿ, ತಮ್ಮ ತೋಟದಲ್ಲಿಯೇ ತೆಗೆಯಿರಿ. ಗಾತ್ರ ತಿಳಿಯಲು ಹಣ್ಣನ್ನು ಅಂಗೈಯಲ್ಲಿ ಇಡಿರಿ. ಬೇರೆ ಕಡೆಯ ಚಂದದ ಚಿತ್ರ ಹಾಕಿದರೆ ಪೆಟ್ಟಿಗೆ ತೆರೆದ ಕೂಡಲೇ ಸುಳ್ಳು ಬಯಲಾಗುತ್ತದೆ. ದಿನಕ್ಕೆ ಹತ್ತು ಸುದ್ದಿ ಕಳಿಸಿ ಬೇಸರ ಹುಟ್ಟಿಸಬೇಡಿರಿ. ಗಿಡ ಹೂ ಬಿಟ್ಟಾಗ ಒಂದು, ಕಾಯಿ ಬಲಿತಾಗ ಒಂದು, ಕೊಯ್ಲಿಗೆ ಎಂಟು ದಿನ ಮೊದಲು ಬೆಲೆ ತಿಳಿಸಿ ಒಂದು, ಇಷ್ಟು ಸಾಕು. ಬರೆಯಲು ಬಾರದವರು ಮಾತಾಡಿ ಕಳಿಸಿರಿ. ತಮ್ಮ ಊರಿನ ನುಡಿಯೇ ಇರಲಿ, ಅದಕ್ಕೆ ನಾಚಬೇಕಾಗಿಲ್ಲ. ಮನೆಯಲ್ಲಿ ಓದಿದ ಮಗಳೋ ಸೊಸೆಯೋ ಇದ್ದರೆ ಈ ಕೆಲಸವನ್ನು ಅವರಿಗೆ ವಹಿಸಿರಿ, ಬಂದ ಲಾಭದ ಲೆಕ್ಕವನ್ನೂ ಅವರ ಕೈಗೇ ಕೊಡಿರಿ.

ಮೋಸದ ವಿಷಯದಲ್ಲಿ ಎಚ್ಚರವಿರಲಿ. ದೊಡ್ಡ ಆರ್ಡರ್ ಕೊಡುವಂತೆ ನಟಿಸಿ, ‘ಹಣ ಕಳಿಸುತ್ತೇನೆ, ಈ ಚಿತ್ರ ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ’ ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ; ಒತ್ತಿದರೆ ಹಣ ನಮ್ಮ ಖಾತೆಯಿಂದಲೇ ಹೋಗುತ್ತದೆ. ಹಣ ಬಂದಿದೆ ಎಂದು ಅವರು ತೋರಿಸುವ ಚಿತ್ರವನ್ನು ನಂಬದೆ ತಮ್ಮ ಖಾತೆಯನ್ನು ನೋಡಿರಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ದೂರು ಬಂದ ದಿನ

ಕೊನೆಯದಾಗಿ ಅತಿ ಮುಖ್ಯವಾದ ಮಾತು. ಎಷ್ಟೇ ಜಾಗ್ರತೆ ವಹಿಸಿದರೂ ಒಂದು ದಿನ ಒಬ್ಬ ಗಿರಾಕಿ ಕೊಳೆತ ಹಣ್ಣಿನ ಚಿತ್ರ ಕಳಿಸುತ್ತಾನೆ. ಆಗ ‘ಬಸ್ಸಿನವರ ತಪ್ಪು, ಬಿಸಿಲಿನ ತಪ್ಪು’ ಎಂದು ವಾದಿಸಬೇಡಿರಿ. ಅದೇ ದಿನ ಉತ್ತರ ಕೊಡಿರಿ. ಎಷ್ಟು ಹಣ್ಣು ಕೆಟ್ಟಿದೆಯೋ ಅಷ್ಟರ ಹಣ ಹಿಂದಿರುಗಿಸಿರಿ, ಇಲ್ಲವೆ ಮುಂದಿನ ಪೆಟ್ಟಿಗೆಯಲ್ಲಿ ಅಷ್ಟು ಹಣ್ಣು ಹೆಚ್ಚು ಹಾಕಿರಿ. ಜಾಲತಾಣದಲ್ಲಿ ಹೊಗಳಿಕೆ ಹರಡುವಂತೆಯೇ ತೆಗಳಿಕೆಯೂ ಹರಡುತ್ತದೆ. ಸಂತೆಯಲ್ಲಿ ಜಗಳವಾದರೆ ಹತ್ತು ಜನ ಕೇಳುತ್ತಾರೆ; ಇಲ್ಲಿ ಸಾವಿರ ಜನ ಓದುತ್ತಾರೆ, ಮುಂದಿನ ವರ್ಷವೂ ಓದುತ್ತಾರೆ. ಫೋನು ಗಿರಾಕಿಯನ್ನು ಒಂದು ಸಲ ಬಾಗಿಲಿಗೆ ತರುತ್ತದೆ. ಎರಡನೆಯ ಸಲ ತರಬೇಕಾದದ್ದು ನಮ್ಮ ತೂಕ, ನಮ್ಮ ಮಾತು.

ಈ ಹಂಗಾಮಿಗೆ ಮೂರು ಕೆಲಸ ಮಾಡಿರಿ ಎಂದು ಕೇಳಿಕೊಳ್ಳುತ್ತೇನೆ. ಒಂದು ನೋಟುಬುಕ್ಕು ತಂದು ಹೊರ ಊರಿನಲ್ಲಿರುವ ತಮ್ಮ ಬಂಧುಬಳಗದ ಇಪ್ಪತ್ತು ಮನೆಗಳ ಹೆಸರು ಬರೆಯಿರಿ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಜೊತೆಗೆ ಸೇರಿಸಿಕೊಳ್ಳಿರಿ. ಗಿಡ ಹೂ ಬಿಟ್ಟಾಗ ಮೊದಲ ಚಿತ್ರ ಕಳಿಸಿರಿ. ಯಾರು ಎಷ್ಟು ಕೊಂಡರು, ಏನು ಹೇಳಿದರು ಎಂಬುದನ್ನು ಅದೇ ನೋಟುಬುಕ್ಕಿನಲ್ಲಿ ಬರೆದಿಡಿರಿ. ಮುಂದಿನ ವರ್ಷ ಗುತ್ತಿಗೆದಾರನೊಡನೆ ಕೂತಾಗ ಆ ನೋಟುಬುಕ್ಕು ತಮ್ಮ ತೊಡೆಯ ಮೇಲಿರಲಿ. ಫೋನಿನಲ್ಲಿ ತಿಳಿಯದ್ದು ಏನಿದ್ದರೂ ನಾನು ಊರಿಗೆ ಬಂದಾಗ ಕೇಳಿರಿ, ಕೂತು ತೋರಿಸಿಕೊಡುತ್ತೇನೆ.