ನರನೋವಿನ ಮಾತ್ರೆ ಮಿತಿ ಮೀರಿದಾಗ
(ಗ್ರಾಮದ ಆರೋಗ್ಯ ಸಭೆಯಲ್ಲಿ ಹಿರಿಯ ಆರೋಗ್ಯ ಸಹಾಯಕರೊಬ್ಬರು ಮಾಡಿದ ಭಾಷಣ)



ಕಳೆ ತೆಗೆಯುವ ದಿನಗಳಲ್ಲಿ ಕೆಲಸ ಬಿಟ್ಟು ಇಷ್ಟು ಮಂದಿ ಬಂದಿದ್ದೀರಿ. ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ. ಸೊಳ್ಳೆ, ಕುಡಿಯುವ ನೀರು, ಬಾಣಂತಿಯ ಆರೈಕೆ ಇವುಗಳ ಬಗ್ಗೆ ಹಿಂದೆ ಈ ಕಟ್ಟೆಯ ಮೇಲೆಯೇ ಮಾತನಾಡಿದ್ದೇನೆ. ಈ ದಿನ ಹೇಳಬೇಕೆಂದಿರುವುದು ನಿಮ್ಮಲ್ಲಿ ಅನೇಕರ ಮನೆಯ ಗೋಡೆಗೂಡಿನಲ್ಲಿಯೋ, ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿಯೋ ಇರತಕ್ಕ ಒಂದು ಮಾತ್ರೆಯ ವಿಷಯ. ಅದನ್ನು ನೀವು "ನರದ ಮಾತ್ರೆ" ಎನ್ನುತ್ತೀರಿ.

ಸಕ್ಕರೆ ಕಾಯಿಲೆಯವರಿಗೆ ಅಂಗಾಲು ಉರಿಯುತ್ತದೆ, ರಾತ್ರಿ ಸೂಜಿಯಿಂದ ಚುಚ್ಚಿದಂತಾಗುತ್ತದೆ. ಕೆಲವರಿಗೆ ಸೊಂಟದಿಂದ ಹಿಮ್ಮಡಿಯವರೆಗೆ ನೋವು ಇಳಿಯುತ್ತದೆ. ಸರ್ಪಸುತ್ತು ಆಗಿ ವಾಸಿಯಾದ ಮೇಲೂ ಆ ಜಾಗದ ಉರಿ ತಿಂಗಳುಗಟ್ಟಲೆ ಬಿಡುವುದಿಲ್ಲ. ಇಂಥ ನೋವಿಗೆ ಸಾಧಾರಣ ನೋವಿನ ಗುಳಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಆಗ ಡಾಕ್ಟರು ಗ್ಯಾಬಪೆಂಟಿನ್ ಅಥವಾ ಪ್ರೆಗಬಾಲಿನ್ ಎಂಬ ಔಷಧವನ್ನು ಬರೆದುಕೊಡುತ್ತಾರೆ. ಇವು ಮೂರ್ಛೆರೋಗಕ್ಕೂ ಕೊಡತಕ್ಕ ಔಷಧಗಳು. ಗ್ಯಾಬಪೆಂಟಿನ್‌ಗೆ ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ಕಿತು, ಪ್ರೆಗಬಾಲಿನ್‌ಗೆ 2004ರಲ್ಲಿ. ಒಳ್ಳೆಯ ಔಷಧಗಳೇ. ಉರಿಯಿಂದ ಇಡೀ ರಾತ್ರಿ ಎದ್ದು ಕೂರುತ್ತಿದ್ದವರು ಇವುಗಳಿಂದ ನಿದ್ದೆ ಕಂಡಿದ್ದಾರೆ. ಇವನ್ನು ದೂರಲು ನಾನು ಬಂದಿಲ್ಲ.

ನನ್ನ ದೊಡ್ಡಪ್ಪನವರ ಸಂಗತಿ ಹೇಳುತ್ತೇನೆ. ಎಪ್ಪತ್ತು ದಾಟಿದವರು, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ರಾತ್ರಿಗೊಂದು 75 ಮಿಲಿಗ್ರಾಂ ಪ್ರೆಗಬಾಲಿನ್ ತೆಗೆದುಕೊಂಡು ಎರಡು ವರ್ಷ ಸುಖವಾಗಿದ್ದರು. ಒಂದು ಆಷಾಢದಲ್ಲಿ ಅವರಿಗೆ ಭೇದಿ ಹತ್ತಿತು. ಊಟ ನೀರು ಸೇರದೆ ಮೂರು ದಿನ ಕಳೆದವು. ಉರಿ ಮಾತ್ರ ಬಿಡಲಿಲ್ಲ. ಒಂದಕ್ಕೆ ಇಷ್ಟು ಗುಣವಾದರೆ ಎರಡಕ್ಕೆ ಇನ್ನೂ ಗುಣವಾದೀತೆಂದು ಅವರೇ ಲೆಕ್ಕ ಹಾಕಿ ಎರಡು ನುಂಗಿದರು. ಮರುದಿನ ಸಂಜೆ ನಾನು ಅವರ ಮನೆಗೆ ಹೋಗಿದ್ದೆ. ಹಜಾರದಿಂದ ಹಿತ್ತಲಿಗೆ ಗೋಡೆ ಹಿಡಿದುಕೊಂಡು ತೂರಾಡುತ್ತಾ ನಡೆದರು. ವಯಸ್ಸಾಯಿತು, ಭೇದಿಯಿಂದ ನಿತ್ರಾಣ ಬೇರೆ ಎಂದುಕೊಂಡು ಕಾಫಿ ಕುಡಿದು ಬಂದೆ. ಆರೋಗ್ಯ ಇಲಾಖೆಯಲ್ಲಿ ಇಷ್ಟು ವರ್ಷ ದುಡಿದ ನಾನೇ ಹಾಗೆ ಬಂದೆ ಎಂಬುದನ್ನು ಮರೆಮಾಚುವುದಿಲ್ಲ.

ಅಂದು ರಾತ್ರಿ ಅವರು ಮೂರು ತೆಗೆದುಕೊಂಡರಂತೆ. ಬೆಳಿಗ್ಗೆ ನಾಲಿಗೆ ತೊಡರುತ್ತಿತ್ತು. "ಎರಡು ದಿನದಿಂದ ಕಣ್ಣು ಮುಚ್ಚಿಲ್ಲ, ಮಲಗಲಿ ಬಿಡು" ಎಂದರು ದೊಡ್ಡಮ್ಮ. ಮನೆಯವರು ಹೊಲಕ್ಕೆ ಹೋದರು. ಮಧ್ಯಾಹ್ನ ಬುತ್ತಿ ಒಯ್ಯಲು ಬಂದ ಸೊಸೆಗೆ ದೊಡ್ಡ ಗೊರಕೆ ಕೇಳಿಸಿತು, ಗಂಟಲಲ್ಲಿ ನೀರು ಗೊಳಗೊಳ ಎಂದಂತೆ. ಒಳ್ಳೆ ನಿದ್ದೆ ಎಂದುಕೊಂಡಳು. ಮೂರು ಗಂಟೆಗೆ ನನಗೆ ಹೇಳಿಕಳುಹಿಸಿದರು. ಹೋಗಿ ಭುಜ ಅಲುಗಿಸಿದೆ, ಕಣ್ಣು ಎಳೆಯಷ್ಟು ತೆರೆದು ಮುಚ್ಚಿಹೋಯಿತು. ಗಡಿಯಾರ ನೋಡಿ ಉಸಿರು ಎಣಿಸಿದೆ. ನಿಮಿಷಕ್ಕೆ ಎಂಟು.

ಅವರು ಉಳಿದರು. ಆಸ್ಪತ್ರೆಯಲ್ಲಿ ಮೂತ್ರಪಿಂಡಗಳು ಸೋತಿದ್ದುದು ತಿಳಿದು, ಯಂತ್ರದಿಂದ ರಕ್ತ ಶುದ್ಧಿ ಮಾಡಿದರು. ಮೂರನೆಯ ದಿನ ಮಾತನಾಡಿದರು. ಅಲ್ಲಿಯೇ ಅವರ ಅಂಗಿಯ ಜೇಬಿನಿಂದ ಇನ್ನೊಂದು ಶೀಟು ಹೊರಬಂತು: ಮಂಡಿನೋವಿಗೆಂದು ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ಟ್ರಮಡಾಲ್. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಐದಾರು ಮಾತ್ರೆಗೆ ಹೀಗೇಕಾಯಿತು ಎಂದು ನೀವು ಕೇಳಬಹುದು. ನಮ್ಮ ಊರ ಕೆರೆಯನ್ನೇ ನೋಡಿ. ಅದಕ್ಕೆ ತೂಬು ಉಂಟು, ಕೋಡಿ ಉಂಟು. ನಮ್ಮ ನರಗಳಲ್ಲಿಯೂ ಕಣ್ಣಿಗೆ ಕಾಣದ ತೂಬುಗಳಿವೆ. ಅವುಗಳ ಮೂಲಕ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಒಳಗೆ ಹರಿದಾಗ ಒಂದು ನರ ತನ್ನ ಸುದ್ದಿಯನ್ನು ಮುಂದಿನ ನರಕ್ಕೆ ದಾಟಿಸುತ್ತದೆ. ಕೆಟ್ಟ ನರವು ಕಾರಣವಿಲ್ಲದೆ ಉರಿ, ಉರಿ ಎಂದು ಸುದ್ದಿ ಕಳುಹಿಸುತ್ತಲೇ ಇರುತ್ತದೆ. ಈ ಔಷಧವು ತೂಬಿಗೆ ಹೋಗಿ ಕೂತು ಹರಿವನ್ನು ತಗ್ಗಿಸುತ್ತದೆ, ಸುದ್ದಿ ಕಡಿಮೆಯಾಗುತ್ತದೆ. ಆದರೆ ನೋವಿನ ತೂಬು ಯಾವುದು, ಎಚ್ಚರದ ತೂಬು ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಹೆಚ್ಚಾದಾಗ ನಡಿಗೆ, ಮಾತು, ಎಚ್ಚರ ಎಲ್ಲವೂ ಮಂಕಾಗುತ್ತವೆ, ಕಡೆಗೆ ಉಸಿರೂ ಕುಂದಬಹುದು.

ಇನ್ನು ಕೋಡಿ. ಈ ಎರಡು ಔಷಧಗಳೂ ಹೆಚ್ಚುಕಡಿಮೆ ಇದ್ದಂತೆಯೇ ಮೂತ್ರದಲ್ಲಿ ಹೊರಗೆ ಹೋಗತಕ್ಕವು. ಮೂತ್ರಪಿಂಡ ಚೆನ್ನಾಗಿದ್ದವರಲ್ಲಿ ಮೈಯೊಳಗಿನ ಗ್ಯಾಬಪೆಂಟಿನ್‌ನ ಅರ್ಧ ಭಾಗ 5ರಿಂದ 7 ಗಂಟೆಗಳಲ್ಲಿ ಹೊರಟುಹೋಗುತ್ತದೆ. ಮೂತ್ರಪಿಂಡ ತೀರ ಸೋತವರಲ್ಲಿ ಅದೇ ಅರ್ಧ ಹೋಗಲು 2 ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಕೋಡಿ ಕಟ್ಟಿದ ಕೆರೆಗೆ ದಿನವೂ ನೀರು ಬಿಟ್ಟಂತೆ. ನಿನ್ನೆಯ ಮಾತ್ರೆ ಇನ್ನೂ ಒಳಗಿರುವಾಗಲೇ ಇವತ್ತಿನದು ಸೇರುತ್ತದೆ. ಸಕ್ಕರೆ ಕಾಯಿಲೆಯೇ ನಿಧಾನವಾಗಿ ಮೂತ್ರಪಿಂಡವನ್ನು ತಿನ್ನುತ್ತದೆ. ವಾಂತಿ ಭೇದಿಯಾದಾಗ, ಬೇಸಿಗೆಯ ಬಿಸಿಲಲ್ಲಿ ನೀರಿಲ್ಲದೆ ದುಡಿದಾಗ ಅದು ಇನ್ನೂ ಸೋಲುತ್ತದೆ. ಆದುದರಿಂದ ಎರಡು ವರ್ಷ ಒಗ್ಗಿದ್ದ ಅಳತೆಯೇ ಒಂದು ವಾರದಲ್ಲಿ ವಿಷವಾಗಬಹುದು. ಭೇದಿ ಹತ್ತಿದರೆ, ಮೂತ್ರ ಕಡಿಮೆಯಾದರೆ, ಕಾಲು ಮುಖ ಊದಿದರೆ ಅಂದೇ ಡಾಕ್ಟರಿಗೆ ತಿಳಿಸಿ ಅಳತೆಯನ್ನು ಕೇಳಬೇಕು.

ಈ ಮಾತ್ರೆಯೊಂದನ್ನೇ ಹೆಚ್ಚಾಗಿ ತೆಗೆದುಕೊಂಡು, ಬೇಗ ಆಸ್ಪತ್ರೆ ಸೇರಿದವರಲ್ಲಿ ಬಹುಮಂದಿ ಗುಣವಾಗುತ್ತಾರೆ. ಪ್ರಾಣಕ್ಕೆ ಹೆಚ್ಚಾಗಿ ಬರುವುದು ಜೊತೆಗಾರ ಸೇರಿದಾಗ. ಸಂಜೆಯ ಬ್ರಾಂದಿ, ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ಬಲವಾದ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಔಷಧ, ಇವೆಲ್ಲವೂ ಮಿದುಳನ್ನು ಮಂಕುಮಾಡತಕ್ಕವೇ. ಶೀತಕ್ಕೆ ಕೊಡುವ ಕೆಲವು ಮಾತ್ರೆಗಳೂ ತೂಕಡಿಕೆಯನ್ನು ಹೆಚ್ಚಿಸುತ್ತವೆ. ಟ್ರಮಡಾಲನ್ನು ನಮ್ಮ ದೇಶದಲ್ಲಿ 2018ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ಸೇರಿಸಿದರು, ಸುಮ್ಮನೆ ಸೇರಿಸಲಿಲ್ಲ. ಬೀಡಿ ಸೇದಿ ದಮ್ಮು ಹಿಡಿದವರಿಗೆ, ಮುದುಕರಿಗೆ ಅಪಾಯ ಇನ್ನೂ ಹೆಚ್ಚು. ಇಂಥವರಲ್ಲಿ ಉಸಿರು ಕುಂದಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ಅದೇ ವರ್ಷದ ಏಪ್ರಿಲಿನಲ್ಲಿ ಇಂಗ್ಲೆಂಡಿನಲ್ಲಿ ಈ ಎರಡೂ ಔಷಧಗಳನ್ನು ಕಾನೂನಿನ ಬಿಗಿ ಹತೋಟಿಗೆ ತಂದರು.

ಇನ್ನೊಂದು ತೊಡಕು ಅಂಕಿಯದು. ಗ್ಯಾಬಪೆಂಟಿನ್ 300 ಸಾಮಾನ್ಯ ಅಳತೆ, ಪ್ರೆಗಬಾಲಿನ್ 300 ಬಹಳ ದೊಡ್ಡದು. ನೆರೆಮನೆಯವರದೂ ನರದ ಮಾತ್ರೆಯೇ, ಅಂಕಿಯೂ ಒಂದೇ ಎಂದು ಸಾಲ ತಂದು ನುಂಗಬೇಡಿರಿ. ಕೆಲವು ಶೀಟುಗಳಲ್ಲಿ ಪ್ರೆಗಬಾಲಿನ್ ಜೊತೆಗೆ ನಾರ್‌ಟ್ರಿಪ್ಟಿಲಿನ್ ಕೂಡಿಸಿರುತ್ತಾರೆ. ನರನೋವಿಗೆ ಅಮಿಟ್ರಿಪ್ಟಿಲಿನ್ ಎಂಬುದನ್ನು ಬೇರೆಯಾಗಿಯೂ ಕೊಡುವುದುಂಟು. ಇವು ಹೆಚ್ಚಾದರೆ ಬಾಯಿ ಒಣಗುತ್ತದೆ, ಮೂತ್ರ ಕಟ್ಟುತ್ತದೆ, ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಫಿಟ್ಸ್ ಬರುತ್ತದೆ, ಹೃದಯದ ತಾಳವೇ ತಪ್ಪುತ್ತದೆ. ಕೆಲವೇ ಮಾತ್ರೆ ಸಾಕು, ಸಣ್ಣ ಮಗುವಿನ ಪ್ರಾಣ ಹೋಗಲು. ಮಗುವಿನ ಬಾಯಲ್ಲಿ ಒಂದೇ ಮಾತ್ರೆ ಕಂಡರೂ, ಮಗು ಚೆನ್ನಾಗಿಯೇ ಆಡುತ್ತಿದ್ದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗೋಡೆಗೂಡು ನಿಮಗೆ ಎತ್ತರ, ಪೆಟ್ಟಿಗೆಯ ಮೇಲೆ ಹತ್ತುವ ಮಗುವಿಗಲ್ಲ. ಬೀಗವಿರುವ ಟ್ರಂಕಿನಲ್ಲಿಡಿ.

ಈಗ ಗುರುತುಗಳು. ಮೊದಲು ಕಾಣುವುದು ನಡಿಗೆಯಲ್ಲಿ. ಬದುವಿನ ಮೇಲೆ ನೆಟ್ಟಗೆ ನಡೆಯಬಲ್ಲವನು ಅಂಗಳದಲ್ಲಿಯೇ ತೂರಾಡುತ್ತಾನೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಮಾತು ದಪ್ಪವಾಗುತ್ತದೆ. ಕುಡಿಯದವನನ್ನು ಕುಡಿದಿದ್ದಾನೆಂದು ಬೈಯುವುದೂ ಉಂಟು. ಉಣ್ಣುತ್ತಾ ಕುಳಿತಲ್ಲಿಯೇ ತಲೆ ತೂಗುತ್ತದೆ, ತುತ್ತು ಕೈಯಲ್ಲೇ ಉಳಿಯುತ್ತದೆ. ಗ್ಯಾಬಪೆಂಟಿನ್ ಹೆಚ್ಚಾದರೆ ಭೇದಿಯೂ ಆಗಬಹುದು. ಮೂತ್ರಪಿಂಡ ಸೋತವರಲ್ಲಿ ಕೈಕಾಲು ಬೆಚ್ಚಿಬಿದ್ದಂತೆ ಥಟ್ಟನೆ ಹಾರುತ್ತವೆ, ಹಿಡಿದ ಲೋಟ ಬೀಳುತ್ತದೆ. ಹಗಲೋ ರಾತ್ರಿಯೋ ತಿಳಿಯದೆ ಏನೇನೋ ಮಾತನಾಡುತ್ತಾರೆ.

ಆಮೇಲೆ ಬರುವುದು ಆ ನಿದ್ದೆ. ಇಲ್ಲಿ ಗಮನವಿಟ್ಟು ಕೇಳಿರಿ. ನಿದ್ದೆಯಲ್ಲಿರುವವನನ್ನು ಹೆಸರು ಹಿಡಿದು ಕರೆದು ಅಲುಗಿಸಿದರೆ ಏಳುತ್ತಾನೆ, ಸಿಟ್ಟಾದರೂ ಮಾಡುತ್ತಾನೆ. ಏಳದಿದ್ದರೆ, ಅಥವಾ ಎದ್ದು ಒಂದು ಮಾತಿಗೂ ಉತ್ತರ ಕೊಡದೆ ಮತ್ತೆ ಜಾರಿದರೆ, ಅದು ನಿದ್ದೆಯಲ್ಲ. ಹೊಟ್ಟೆ ಎದೆ ಏರಿಳಿಯುವುದನ್ನು ಒಂದು ಪೂರ್ತಿ ನಿಮಿಷ ಎಣಿಸಿ. ದೊಡ್ಡವರಿಗೆ 12ರಿಂದ 20 ಸರಿಯಾದ ಲೆಕ್ಕ. 10ಕ್ಕಿಂತ ಕೆಳಗಿದ್ದರೆ, ಉಸಿರು ನಡುನಡುವೆ ನಿಂತು ಹೊರಟರೆ, ಹೊಸದಾಗಿ ಗೊಳಗೊಳ ಗೊರಕೆ ಬಂದರೆ, ಒಂದು ಗಳಿಗೆಯನ್ನೂ ಕಳೆಯಬಾರದು. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಕಾಣದು. ತುಟಿಯ ಒಳಭಾಗ, ನಾಲಿಗೆ, ಉಗುರಿನ ಬುಡ ನೋಡಿ.

ಕೂಡಲೇ 108ಕ್ಕೆ ಫೋನು ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಹಣ ಕೊಡಬೇಕಾದುದಿಲ್ಲ. ಗಾಡಿ ಬರುವವರೆಗೆ ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲನ್ನು ಮಂಡಿ ಮಡಿಸಿ ಮುಂದಕ್ಕಿಡಿ, ಗಲ್ಲವನ್ನು ಸ್ವಲ್ಪ ಮೇಲೆತ್ತಿ. ವಾಂತಿಯಾದರೂ ಉಸಿರಿನ ನಾಳಕ್ಕೆ ಹೋಗುವುದಿಲ್ಲ. ಬಾಯಿಗೆ ಏನನ್ನೂ ಹಾಕಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹುಣಿಸೆಹುಳಿ ಕದಡಿ ಹೊಯ್ಯುವುದು, ಬಿಸಿ ಕಾಫಿ ಕೊಡುವುದು ಇವೆಲ್ಲ ನಮ್ಮಲ್ಲಿ ನಡೆಯುತ್ತವೆ. ಎಚ್ಚರವಿಲ್ಲದವನಿಗೆ ಇವು ಉಸಿರುಗಟ್ಟಿಸುತ್ತವೆ. ಉಸಿರು ನಿಂತೇಹೋದರೆ ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಿ. 108ರವರು ಫೋನಿನಲ್ಲಿ ಏನಾದರೂ ಹೇಳಿದರೆ ಅದರಂತೆ ಮಾಡಿ.

ಸಕ್ಕರೆ ಕಾಯಿಲೆಯವರು ಮಂಕಾದರೆ ಸಕ್ಕರೆ ಇಳಿದೂ ಇರಬಹುದು. ಪರೀಕ್ಷಿಸುವ ಯಂತ್ರ ಮನೆಯಲ್ಲಿಯೋ ಆಶಾ ಕಾರ್ಯಕರ್ತೆಯ ಬಳಿಯೋ ಇದ್ದರೆ ನೋಡಿ. ನುಂಗುವಷ್ಟು ಎಚ್ಚರವಿದ್ದರೆ ಮಾತ್ರ ಸಕ್ಕರೆ ನೀರು ಕೊಡಿ. ಆ ದಿನ ಹೊಲಕ್ಕೆ ಔಷಧ ಹೊಡೆದಿದ್ದರೆ ಅದನ್ನೂ ಹೇಳಿ, ಡಬ್ಬಿಯ ಚೀಟಿಯನ್ನು ಒಯ್ಯಿರಿ. ಕೀಟನಾಶಕದ ವಿಷವೇ ಬೇರೆ, ಅದರ ಚಿಕಿತ್ಸೆಯೇ ಬೇರೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಖಾಲಿ ಶೀಟುಗಳನ್ನೂ ಸೇರಿಸಿ, ಒಂದು ಚೀಲಕ್ಕೆ ತುಂಬಿ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಜೇಬನ್ನೂ ಹುಡುಕಿ. ಪ್ರೆಗಬಾಲಿನ್, ಗ್ಯಾಬಪೆಂಟಿನ್‌ಗೆ ಪ್ರತಿಮದ್ದು ಇಲ್ಲ. ಉಸಿರಿಗೆ ಆಸರೆ ಕೊಟ್ಟು ಕಾಯುವುದು, ಮೂತ್ರಪಿಂಡ ಸೋತಿದ್ದರೆ ರಕ್ತ ಶುದ್ಧಿ ಮಾಡುವುದು, ಇಷ್ಟೇ ಚಿಕಿತ್ಸೆ. ಆದರೆ ಟ್ರಮಡಾಲ್ ಜಾತಿಯದಕ್ಕೆ ನಲಾಕ್ಸೋನ್ ಎಂಬ ಪ್ರತಿಮದ್ದು ಉಂಟು. ಜೇಬಿನ ಶೀಟು ಸಿಕ್ಕಿದ್ದರಿಂದ ನಮ್ಮ ದೊಡ್ಡಪ್ಪನವರಿಗೆ ಅದನ್ನು ಕೊಡಲು ಸಾಧ್ಯವಾಯಿತು.

ಇದನ್ನೆಲ್ಲ ಕೇಳಿ ಹೆದರಿ ನಾಳೆಯಿಂದ ಮಾತ್ರೆ ಎಸೆಯುವವರೂ ಇರುತ್ತಾರೆ. ಅದೂ ಕೂಡದು. ಬಹುದಿನ ತೆಗೆದುಕೊಂಡದ್ದನ್ನು ಒಮ್ಮೆಗೇ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಬೆವರು ಬಿಡುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ಸೇರಿಸಬೇಡಿ. ಮಾತ್ರೆ ಹೊಸದಾಗಿ ಶುರುವಾದ ದಿನಗಳಲ್ಲಿ, ಅಳತೆ ಏರಿಸಿದ ದಿನಗಳಲ್ಲಿ ಟಿಲ್ಲರು, ಬೈಕು ಮುಟ್ಟಬಾರದು, ಅಡಿಕೆ ಮರ ಹತ್ತಬಾರದು. ರಾತ್ರಿ ಹನ್ನೆರಡಕ್ಕೆ ತ್ರೀ ಫೇಸ್ ಕರೆಂಟು ಬಂತೆಂದು, ಒಂಬತ್ತಕ್ಕೆ ಮಾತ್ರೆ ನುಂಗಿದವರು ಬದುವಿನ ಮೇಲೆ ಟಾರ್ಚು ಹಿಡಿದು ಸ್ಟಾರ್ಟರ್ ಒತ್ತಲು ಹೋಗುವುದನ್ನು ಕಂಡಿದ್ದೇನೆ. ಬಾವಿ ಪಕ್ಕದಲ್ಲೇ ಇರುತ್ತದೆ. ಮಗನನ್ನು ಕಳುಹಿಸಿ.

ಕಡೆಯದಾಗಿ ಒಂದು ಕಷ್ಟದ ಮಾತು. ಬೆಳೆ ಹೋಗಿ, ಸಾಲ ಏರಿ, ಮಾತ್ರೆಗಳನ್ನು ಬೇಕೆಂದೇ ನುಂಗುವವರೂ ಉಂಟು. ಮಾನಕ್ಕೆ ಅಂಜಿ ಮನೆಯವರು ಅದನ್ನು ಮುಚ್ಚಿಡುತ್ತಾರೆ, ಆಸ್ಪತ್ರೆಯಲ್ಲಿ ತಲೆಸುತ್ತು ಎನ್ನುತ್ತಾರೆ. ಡಾಕ್ಟರಿಗೆ ನಿಜ ಹೇಳಿ. ಅವರಿಗೆ ಬೇಕಾದುದು ಯಾವ ಮಾತ್ರೆ, ಎಷ್ಟು, ಎಷ್ಟು ಹೊತ್ತಿಗೆ ಎಂಬುದು. ಯಾರಾದರೂ ಜೀವ ಬೇಸರವೆಂದು ಆಡುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮಾತ್ರೆ ಮತ್ತು ಹೊಲದ ಔಷಧಗಳನ್ನು ಬೇರೆಯವರ ವಶಕ್ಕೆ ಕೊಡಿ. 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತನಾಡುವವರು ಇದ್ದಾರೆ.

ಶೀಟಿನ ಮೇಲಿರುವುದು ಇಂಗ್ಲಿಷು, ಅಕ್ಷರವೂ ಬಹಳ ಸಣ್ಣದು. ಕೊಳ್ಳುವಾಗಲೇ ಔಷಧದ ಹೆಸರು, ಅಂಕಿ, ಹೊತ್ತು ಇವನ್ನು ಕನ್ನಡದಲ್ಲಿ ಬರೆದುಕೊಡಲು ಅಂಗಡಿಯವರನ್ನು ಕೇಳಿ. ಕೇಳಲು ಸಂಕೋಚಪಡುವವರಿಗಾಗಿ ನಾನು ಈ ದಿನ ಪೆನ್ನು, ಅಂಟುಕಾಗದ ತಂದಿದ್ದೇನೆ. ಸಂಜೆ ಐದರವರೆಗೆ ಪಂಚಾಯಿತಿ ಕಟ್ಟಡದ ಜಗಲಿಯಲ್ಲಿ ಕೂತಿರುತ್ತೇನೆ. ಮನೆಗೆ ಹೋಗಿ ಆ ಪ್ಲಾಸ್ಟಿಕ್ ಚೀಲವನ್ನು ಹಾಗೆಯೇ ಎತ್ತಿಕೊಂಡು ಬನ್ನಿ.