ಕಂಪೈಲ್ ಮಾಡಿದವರ ಹೊಣೆ



ಕನ್ನಡದ ಎಂಜಿನಿಯರುಗಳ ಈ ವಿಚಾರ ಸಂಕಿರಣಕ್ಕೆ ಚೆನ್ನೈನ ಅಂಬತ್ತೂರು ತಕ್ಕ ಜಾಗ. 1960ರ ದಶಕದ ಕೈಗಾರಿಕಾ ವಸಾಹತು ಇದು. ಲೇತು, ಪ್ರೆಸ್ಸುಗಳ ಶೆಡ್ಡುಗಳ ನಡುವೆ ಈಗ ಸಾಫ್ಟ್‌ವೇರ್ ಕಚೇರಿಗಳೂ ಎದ್ದಿವೆ. ಹಾಗಾಗಿ ಇಲ್ಲಿ ಹೊಸ ಲಿನಕ್ಸ್‌ನಲ್ಲಿ ಪ್ರೋಗ್ರಾಂ ಕಂಪೈಲ್ ಮಾಡುವವರು ಒಂದು ಕಡೆ, ಸರಿಯಾಗಿ ನಡೆಯುತ್ತಿರುವ ಹಳೆಯ ಕಂಪ್ಯೂಟರನ್ನು ಮುಟ್ಟಗೊಡದವರು ಇನ್ನೊಂದು ಕಡೆ. ಮುಟ್ಟಗೊಡದವರದು ತಪ್ಪಲ್ಲ. ಅವರಿಗೆ ಉತ್ಪಾದನೆ ನಿಲ್ಲಬಾರದು. ತಲೆ ಕೆಡಿಸಿಕೊಳ್ಳಬೇಕಾದವರು ಕಂಪೈಲ್ ಆದ ಪ್ರೋಗ್ರಾಂ, ಅಂದರೆ ಬೈನರಿ, ಕೊಡುವ ನಾವು.

ಉಬುಂಟು 22.04ರಲ್ಲಿ ಒಂದೇ ಸಾಲು ಮುದ್ರಿಸುವ ಸಿ ಪ್ರೋಗ್ರಾಂ ಕಂಪೈಲ್ ಮಾಡಿ, ಅದನ್ನು 20.04ಕ್ಕೆ ಒಯ್ದು ನೋಡಿ. ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂದು ಬಾಗಿಲಲ್ಲೇ ನಿಲ್ಲುತ್ತದೆ. ಆ ಪ್ರೋಗ್ರಾಂ ಸಿಸ್ಟಮ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯ 2.34ರ ಯಾವ ಹೊಸ ಸೌಲಭ್ಯವನ್ನೂ ಕೇಳಿರಲಿಲ್ಲ. ಆದರೆ 2021ರ ಆಗಸ್ಟ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ, ಮೇನ್ ಫಂಕ್ಷನ್ನನ್ನು ಶುರು ಮಾಡಿಸುವ ಸಿಂಬಲ್‌ಗೇ ಹೊಸ ಆವೃತ್ತಿ ಸಂಖ್ಯೆ ಬಿತ್ತು. ಕಂಪೈಲ್ ಮಾಡಿದ ಕಡೆ ಇದ್ದದ್ದನ್ನೇ ಲಿಂಕರ್ ಬೈನರಿಯಲ್ಲಿ ಬರೆದಿಡುತ್ತದೆ, ಆದರೆ 20.04ರಲ್ಲಿರುವುದು 2.31. ಹಳೆಯದರಲ್ಲಿ ಕಂಪೈಲ್ ಮಾಡಿದ್ದು ಹೊಸದರಲ್ಲಿ ಸಾಮಾನ್ಯವಾಗಿ ಓಡುತ್ತದೆ, ಹೊಸದರದ್ದು ಹಳೆಯದರಲ್ಲಿ ಓಡುತ್ತದೆಂಬ ಭರವಸೆಯಿಲ್ಲ. ಹಾಗಾಗಿ ನಮ್ಮ ಗ್ರಾಹಕರ ಪೈಕಿ ಎಲ್ಲರಿಗಿಂತ ಹಳೆಯ ಜಿಲಿಬ್‌ಸಿ ಯಾರಲ್ಲಿದೆಯೋ ಅದರ ಮೇಲೆಯೇ ಬಿಲ್ಡ್ ಮಾಡಬೇಕು. ಪೈಥಾನ್ ಸಮುದಾಯ 2016ರಲ್ಲಿ ಹಲವು ಲಿನಕ್ಸ್‌ಗಳಲ್ಲಿ ಓಡಬೇಕಾದ ಮೆನಿಲಿನಕ್ಸ್ ಪ್ಯಾಕೇಜ್‌ಗಳಿಗೆ ಹಳೆಯ ಸೆಂಟ್‌ಓಎಸ್ 5ನ್ನು ಆಧಾರವಾಗಿ ಆರಿಸಿದ್ದೂ ಇದಕ್ಕೇ. ಇದೇ ಚೆನ್ನೈನಲ್ಲಿ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಡೆಬಿಯನ್ ಆಧಾರಿತ. ಸರ್ಕಾರಿ ಕಚೇರಿಗೆ ಸಾಫ್ಟ್‌ವೇರ್ ಕೊಡುವವರು, ಅಲ್ಲಿರುವ ಬಾಸ್ ಯಾವ ಡೆಬಿಯನ್‌ನಿಂದ ಬಂದದ್ದೆಂದು ಮೊದಲೇ ವಿಚಾರಿಸಬೇಕು.

ಜಿಲಿಬ್‌ಸಿಯಲ್ಲದ ಲೈಬ್ರರಿಗಳಲ್ಲೂ ಇಂಥ ತೊಡಕಿದೆ. ಓಪನ್‌ಎಸ್‌ಎಸ್‌ಎಲ್‌ನ ಲಿಬ್‌ಎಸ್‌ಎಸ್‌ಎಲ್ 1.1 ಇಲ್ಲವೆಂದಾಗ 3ನೆಯ ಆವೃತ್ತಿಗೆ ಅದೇ ಹೆಸರಿನ ಸಿಮ್‌ಲಿಂಕ್ ಕೊಟ್ಟು ನೋಡುವವರಿದ್ದಾರೆ. ದಯವಿಟ್ಟು ಬೇಡ. ಹೆಸರಿನ ಕೊನೆಯ ಆ ಸಂಖ್ಯೆ ಬದಲಾಯಿತೆಂದರೆ ಒಳಗಿನ ಕರಾರೇ ಬದಲಾಗಿದೆ. ಬ್ಯಾಷ್‌ಆರ್‌ಸಿಯಲ್ಲಿ ಎಲ್‌ಡಿ ಲೈಬ್ರರಿ ಪಾತ್ ಬರೆದಿಡುವುದಂತೂ ಇನ್ನೂ ಕೆಟ್ಟದ್ದು. ನಮ್ಮದೊಂದು ಪ್ರೋಗ್ರಾಂ ಓಡಲೆಂದು ಹಾಕಿದ ದಾರಿಯಲ್ಲಿ ಆ ಶೆಲ್‌ನಿಂದ ಹೊರಡುವ ಬೇರೆ ಪ್ರೋಗ್ರಾಂಗಳೂ ಹೋಗಿ ಎಡವುತ್ತವೆ. ಜಿಲಿಬ್‌ಸಿ ಬಿಟ್ಟು ಉಳಿದ ಲೈಬ್ರರಿಗಳನ್ನು ಪ್ರೋಗ್ರಾಂ ಪಕ್ಕದ ಫೋಲ್ಡರಿನಲ್ಲಿಟ್ಟು, ಲಿಂಕ್ ಮಾಡುವಾಗಲೇ, ಪ್ರೋಗ್ರಾಂ ಇರುವ ಜಾಗವನ್ನು ಸೂಚಿಸುವ ಡಾಲರ್ ಒರಿಜಿನ್ ಬಳಸಿ, ಲೈಬ್ರರಿ ಹುಡುಕುವ ದಾರಿಯಾದ ಆರ್‌ಪಾತ್ ಬರೆದರೆ ಬೇರೆ ಯಾರಿಗೂ ತೊಂದರೆಯಿಲ್ಲ.

ಆದರೆ ಜೊತೆಗೆ ಕೊಟ್ಟ ಲೈಬ್ರರಿಯ ಹೊಣೆಯೂ ಆಗ ನಮ್ಮ ಹೆಗಲಿಗೇ ಬರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಹೊರಬಿತ್ತು. ಸಿಸ್ಟಮ್‌ನ ಪ್ರತಿಯನ್ನೇ ಹಂಚಿಕೊಂಡಿದ್ದ ಪ್ರೋಗ್ರಾಂಗಳ ಕೋಡನ್ನು ಒಂದೇ ಪ್ಯಾಕೇಜ್ ಅಪ್‌ಡೇಟ್, ಒಂದು ರೀಸ್ಟಾರ್ಟ್ ಸರಿಪಡಿಸಿದವು.  ದೋಷದ ಪ್ರತಿಯನ್ನು ಒಳಗೇ ಇಟ್ಟುಕೊಂಡವನ್ನು ಒಂದೊಂದಾಗಿ ಹುಡುಕಿ ಬದಲಿಸಬೇಕಾಯಿತು.

ಮಧ್ಯಾಹ್ನದ ಗೋಷ್ಠಿಗಳಲ್ಲಿ, ಲೈಬ್ರರಿಗಳನ್ನು ಪ್ರೋಗ್ರಾಂ ಜೊತೆಗೇ ಕಟ್ಟಿಕೊಡುವ ಆ್ಯಪ್‌ಇಮೇಜ್, ಫ್ಲ್ಯಾಟ್‌ಪ್ಯಾಕ್, ಕಂಟೇನರ್‌ಗಳ ಮಾತು ಬರಲಿದೆ. ಪ್ರಬಂಧ ಮಂಡಿಸುವವರೆಲ್ಲ ಒಂದು ಪ್ರಶ್ನೆಗೆ ಉತ್ತರ ಹೇಳಿಯೇ ಕೂರಬೇಕೆಂದು ನನ್ನ ಕೋರಿಕೆ: ನೀವು ಒಳಗಿಟ್ಟ ಲೈಬ್ರರಿಯಲ್ಲಿ ನಾಳೆ ಇಂಥ ದೋಷ ಕಂಡರೆ, ಸರಿಪಡಿಸಿದ ಪ್ರತಿಯನ್ನು ಗ್ರಾಹಕರಿಗೆ ಮುಟ್ಟಿಸುವವರು ಯಾರು, ಎಷ್ಟು ದಿನದೊಳಗೆ?