ತಲೆಕೆಳಗಾಗಿ ತೂಗುವ ಹಬ್ಬದ ಬ್ರೆಡ್ಡು

ಡಿಸೆಂಬರ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಬೇಕರಿಗಳಲ್ಲಿ ಒಂದು ತಮಾಷೆಯ ನೋಟ ಸಿಗುತ್ತದೆ. ಅಂಗಡಿಯ ಮುಂಭಾಗದಲ್ಲಲ್ಲ, ಹಿಂದಿನ ಕೋಣೆಯಲ್ಲಿ. ಓವನ್ನಿನಿಂದ ಆಗಷ್ಟೇ ತೆಗೆದ ಬಿಸಿಬಿಸಿ ಬ್ರೆಡ್ಡುಗಳು ತಲೆ ಕೆಳಗೆ ಮಾಡಿಕೊಂಡು ಸಾಲಾಗಿ ನೇತಾಡುತ್ತಿರುತ್ತವೆ! ಒಂದೊಂದೂ ಸುಮಾರು ಒಂದು ಕೆಜಿ ತೂಗುತ್ತದೆ. ಬುಡದ ಹತ್ತಿರ ಎರಡು ಉದ್ದನೆಯ ಉಕ್ಕಿನ ಕಡ್ಡಿಗಳನ್ನು ಅಡ್ಡಲಾಗಿ ಚುಚ್ಚಿ, ಅವುಗಳ ತುದಿಗಳನ್ನು ಸ್ಟ್ಯಾಂಡಿನ ಮೇಲೆ ಕೂರಿಸಿರುತ್ತಾರೆ. ರಾತ್ರಿಯಿಡೀ ಅವು ಹಾಗೇ ತೂಗಬೇಕು.

ಈ ಬ್ರೆಡ್ಡಿನ ಹೆಸರು ಪನೆಟ್ಟೋನೆ. ಎತ್ತರದ ಮೈ, ಮೇಲೆ ಉಬ್ಬಿದ ಕಂದು ಟೋಪಿ, ಒಳಗೆ ಹಳದಿ ಬಣ್ಣದ ಮೆತ್ತನೆಯ ಎಳೆಗಳು, ನಡುನಡುವೆ ಒಣದ್ರಾಕ್ಷಿ ಮತ್ತು ಸಕ್ಕರೆಯಲ್ಲಿ ನೆಂದ ಕಿತ್ತಳೆ ಸಿಪ್ಪೆಯ ಚೂರು. ಕ್ರಿಸ್‌ಮಸ್ ಊಟದ ಕೊನೆಯಲ್ಲಿ ಇದನ್ನು ಕತ್ತರಿಸಿ ಹಂಚದಿದ್ದರೆ ಮಿಲಾನಿನವರಿಗೆ ಹಬ್ಬ ಮಾಡಿದ ಹಾಗೇ ಅಲ್ಲ.

ಸರಿ, ತಿನ್ನುವ ಬ್ರೆಡ್ಡನ್ನು ನೇತುಹಾಕುವುದು ಯಾಕೆ? ಅದು ತಿಳಿಯಬೇಕಾದರೆ ಹಿಟ್ಟು ಕಲಸುವಲ್ಲಿಂದಲೇ ಶುರುಮಾಡಬೇಕು.

ಪನೆಟ್ಟೋನೆ ಮಾಡುವವರ ಬಳಿ ಒಂದು ಹಿಟ್ಟಿನ ಮುದ್ದೆ ಇರುತ್ತದೆ. ಅವರು ಅದನ್ನು ತಾಯಿ ಹಿಟ್ಟು ಎನ್ನುತ್ತಾರೆ. ಅದರಲ್ಲಿರುವುದು ಗೋಧಿ ಹಿಟ್ಟು ಮತ್ತು ನೀರು, ಜೊತೆಗೆ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ. ಜೀವ ಇರುವುದರಿಂದ ಅದಕ್ಕೆ ಹಸಿವೂ ಇದೆ. ದಿನವೂ ಹೊಸ ಹಿಟ್ಟು, ಹೊಸ ನೀರು ಕೊಡುತ್ತಿರಬೇಕು. ಕೆಲವರು ಅದನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿಯಾಗಿ ಕಟ್ಟಿಡುತ್ತಾರೆ. ಕೆಲವು ಗಂಟೆ ಬಿಟ್ಟು ನೋಡಿದರೆ ಮುದ್ದೆ ಉಬ್ಬಿ, ಹಗ್ಗ ಬಟ್ಟೆಯೊಳಗೆ ಹೂತುಹೋಗಿರುತ್ತದೆ. ಒಳಗಿನವರು ಅಷ್ಟು ಜೋರಾಗಿ ತಳ್ಳಿರುತ್ತಾರೆ!

ಇದು ನಿಮಗೆ ತೀರ ಹೊಸದೇನಲ್ಲ. ನಮ್ಮ ಇಡ್ಲಿ ಹಿಟ್ಟನ್ನೇ ನೋಡಿ. ರಾತ್ರಿ ಅರ್ಧ ಪಾತ್ರೆ ಇದ್ದದ್ದು ಬೆಳಿಗ್ಗೆ ಅಂಚಿನವರೆಗೆ ಬಂದಿರುತ್ತದೆ. ಉದ್ದು, ಅಕ್ಕಿಯ ಜೊತೆಗೇ ಬಂದ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಆಮ್ಲದಿಂದ ಹುಳಿ, ಅನಿಲದಿಂದ ಉಬ್ಬು. ಮಿಲಾನಿನ ತಾಯಿ ಹಿಟ್ಟಿನಲ್ಲೂ ಲ್ಯಾಕ್ಟಿಕ್ ಆಮ್ಲ ಮಾಡುವ ಬಳಗವೇ ಇದೆ. ಅಲ್ಲಿ ಅನಿಲ ತುಂಬುವ ಕೆಲಸದ ದೊಡ್ಡ ಪಾಲು ಯೀಸ್ಟಿನದು. ವ್ಯತ್ಯಾಸ ಇರುವುದು ಆ ಅನಿಲವನ್ನು ಹಿಡಿದಿಡುವ ವಿಷಯದಲ್ಲಿ. ಇಡ್ಲಿಯಲ್ಲಿ ಆ ಕೆಲಸ ಉದ್ದಿನ ಲೋಳೆಯದು. ಗೋಧಿಯಲ್ಲಿ ಅದು ಗ್ಲುಟೆನ್ನಿನದು.

ಗ್ಲುಟೆನ್ನನ್ನು ನೀವೇ ನೋಡಬಹುದು. ಒಂದು ಹಿಡಿ ಮೈದಾ ಹಿಟ್ಟಿಗೆ ನೀರು ಹಾಕಿ ಚೆನ್ನಾಗಿ ನಾದಿ ಅರ್ಧ ಗಂಟೆ ಬಿಡಿ. ಆಮೇಲೆ ಒಂದು ಬಟ್ಟಲು ನೀರಿನೊಳಗೆ ಆ ಉಂಡೆಯನ್ನು ಮೆಲ್ಲಗೆ ಹಿಸುಕುತ್ತಾ ಹೋಗಿ. ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದು ಬಿಟ್ಟುಹೋಗುತ್ತಿರುವ ಪಿಷ್ಟ. ನಾಲ್ಕೈದು ಸಲ ನೀರು ಬದಲಿಸಿದ ಮೇಲೆ ಕೈಯಲ್ಲಿ ಬೂದು ಬಣ್ಣದ, ಅಂಟಂಟಾದ, ಎಳೆದರೆ ಹಿಗ್ಗುವ ಚಿಕ್ಕ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಗೋಧಿಯ ಎರಡು ಬಗೆಯ ಪ್ರೋಟೀನುಗಳು ನೀರು ಕುಡಿದು, ನಾದುವಾಗ ಒಂದಕ್ಕೊಂದು ಹೆಣೆದುಕೊಂಡು ಆದ ಬಲೆ ಅದು. ಅಕ್ಕಿ ಹಿಟ್ಟಿನಲ್ಲಿ ಎಷ್ಟು ತೊಳೆದರೂ ಇದು ಸಿಗದು.

ಈ ಬಲೆ ಗಟ್ಟಿಯಾಗಿದ್ದರೆ ಬ್ರೆಡ್ಡು ಎತ್ತರಕ್ಕೆ ಏಳುತ್ತದೆ. ಆದರೆ ಪನೆಟ್ಟೋನೆಯವರು ಹಾಕುವ ಸಾಮಾನುಗಳೆಲ್ಲ ಬಲೆಗೆ ಶತ್ರುಗಳೇ! ಇಟಲಿ ಸರ್ಕಾರ 2005ರಲ್ಲಿ ಒಂದು ಆದೇಶ ಹೊರಡಿಸಿತು. ಪನೆಟ್ಟೋನೆ ಎಂಬ ಹೆಸರಿನಲ್ಲಿ ಮಾರಬೇಕಾದರೆ ಒಣದ್ರಾಕ್ಷಿ ಮತ್ತು ಸಕ್ಕರೆ ಸಿಪ್ಪೆ ಶೇಕಡಾ 20ಕ್ಕೆ, ಬೆಣ್ಣೆ ಶೇಕಡಾ 16ಕ್ಕೆ, ಮೊಟ್ಟೆಯ ಹಳದಿ ಶೇಕಡಾ 4ಕ್ಕೆ ಕಡಿಮೆ ಇರಕೂಡದು. ತಾಯಿ ಹಿಟ್ಟಿನಿಂದ ಹುದುಗು ಬರಿಸಬೇಕು. ತಿಂಡಿಗೂ ಕಾನೂನೇ ಅನ್ನಬೇಡಿ, ಹಬ್ಬದ ವಿಷಯದಲ್ಲಿ ಇಟಲಿಯವರು ಬಲು ಖಡಕ್ಕು. ಆದರೆ ಅಷ್ಟು ಬೆಣ್ಣೆ ಒಮ್ಮೆಲೇ ಬಿದ್ದರೆ ಪ್ರೋಟೀನುಗಳ ಮೈಗೆ ಜಿಡ್ಡು ಮೆತ್ತಿ ಅವು ಹೆಣೆದುಕೊಳ್ಳಲಾರವು. ಸಕ್ಕರೆ ಹೆಚ್ಚಾದರೆ ಯೀಸ್ಟಿನ ಮೈಯೊಳಗಿನ ನೀರನ್ನೇ ಹೊರಕ್ಕೆ ಎಳೆದುಬಿಡುತ್ತದೆ. ಪಾಪ, ಯೀಸ್ಟು ಬಾಯಾರಿ ಸುಸ್ತಾಗುತ್ತದೆ.

ಅದಕ್ಕೇ ಅವರು ಎರಡು ಕಂತಿನಲ್ಲಿ ಕಲಸುತ್ತಾರೆ. ಸಂಜೆ ಒಂದಷ್ಟು ಹಿಟ್ಟು, ಸಕ್ಕರೆ, ಬೆಣ್ಣೆ ಸೇರಿಸಿ ನಾದಿ ಸುಮಾರು ಹನ್ನೆರಡು ಗಂಟೆ ಬೆಚ್ಚಗೆ ಬಿಡುತ್ತಾರೆ. ಅದು ಮೂರು ಪಟ್ಟು ಉಬ್ಬುತ್ತದೆ. ಉಳಿದ ಸಾಮಾನು ಬೀಳುವುದು ಬೆಳಿಗ್ಗೆ, ಅದೂ ಸ್ವಲ್ಪಸ್ವಲ್ಪವಾಗಿ. ಹಣ್ಣು ಎಲ್ಲಕ್ಕಿಂತ ಕೊನೆಗೆ.

ಹಣ್ಣಿನದೂ ಒಂದು ಕತೆಯಿದೆ. ಕಿತ್ತಳೆಯ ಜೊತೆಗೆ ಮಾದಲ ಹಣ್ಣಿನ ದಪ್ಪ ಸಿಪ್ಪೆಯನ್ನೂ ಹಾಕುತ್ತಾರೆ. ಮಾದಲ ಮೂಲತಃ ನಮ್ಮ ಹಿಮಾಲಯದ ತಪ್ಪಲಿನ ಕಡೆಯದು. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪರ್ಷಿಯಾ ದಾಟಿ ಆ ಕಡೆಗೆ ಹೋಗಿ ಸೇರಿಕೊಂಡಿದೆ. ಸಿಪ್ಪೆಯನ್ನು ನೀರಿನಲ್ಲಿ ಬೇಯಿಸಿ ಕಹಿ ತೆಗೆದು, ಮೊದಲು ತೆಳು ಸಕ್ಕರೆ ಪಾಕದಲ್ಲಿ ಇಡುತ್ತಾರೆ. ಮರುದಿನ ಪಾಕವನ್ನು ಸ್ವಲ್ಪ ದಪ್ಪ ಮಾಡುತ್ತಾರೆ. ಅದರ ಮರುದಿನ ಇನ್ನೂ ಸ್ವಲ್ಪ. ಹೀಗೆ ದಿನಗಟ್ಟಲೆ ನಡೆಯುತ್ತದೆ. ಮೊದಲ ದಿನವೇ ದಪ್ಪ ಪಾಕಕ್ಕೆ ಹಾಕಿದರೆ ಒಳಗಿನ ನೀರು ಒಮ್ಮೆಗೇ ಹೊರಬಂದು ಸಿಪ್ಪೆ ಸುಕ್ಕಾಗಿ ತೊಗಲಾಗುತ್ತದೆ. ನಿಧಾನ ಮಾಡಿದರೆ ನೀರು ಹೊರಡುತ್ತಿರುವಾಗಲೇ ಸಕ್ಕರೆ ಒಳಗೆ ಬಂದು ಆ ಜಾಗ ತುಂಬುತ್ತದೆ. ಆಗ ಸಿಪ್ಪೆ ಗಾಜಿನಷ್ಟು ಹೊಳೆಯುತ್ತದೆ, ಮೆತ್ತಗೂ ಇರುತ್ತದೆ.

ಈಗ ಓವನ್. ಕಾಗದದ ಅಚ್ಚಿನಲ್ಲಿ ಹಿಟ್ಟು ಮತ್ತೆ ಉಬ್ಬಿದ ಮೇಲೆ ನೆತ್ತಿಯಲ್ಲಿ ಕೂಡಿಸುವ ಗುರುತಿನ ಆಕಾರಕ್ಕೆ ಕೊಯ್ದು, ಒಂದು ಚೂರು ಬೆಣ್ಣೆ ಇಟ್ಟು ಒಳಗೆ ತಳ್ಳುತ್ತಾರೆ. ಬ್ರೆಡ್ಡಿನ ನಡುಮಧ್ಯ ಸುಮಾರು 94 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಿದೆ ಎಂದು ಲೆಕ್ಕ. ಕಾವಿಗೆ ಅನಿಲ ಹಿಗ್ಗಿದೆ, ಗುಳ್ಳೆಗಳು ದೊಡ್ಡದಾಗಿವೆ. ಪಿಷ್ಟ ನೀರು ಹೀರಿ ಮೆತ್ತಗಾಗಿದೆ. ಬೆಣ್ಣೆ ಕರಗಿ ಎಣ್ಣೆಯಾಗಿದೆ. ಅಂದರೆ ಹೊರಬಂದ ಗಳಿಗೆಯಲ್ಲಿ ಪನೆಟ್ಟೋನೆಯ ಒಳಗೋಡೆಗಳು ತೀರ ದುರ್ಬಲ. ಎತ್ತರ ಬೇರೆ, ಮೇಲೆ ಹಣ್ಣಿನ ಭಾರ ಬೇರೆ. ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ಭೂಮಿಯ ಸೆಳೆತ ಟೋಪಿಯನ್ನು ಕೆಳಕ್ಕೆ ಒತ್ತುತ್ತದೆ, ಗೋಡೆಗಳು ಕುಸಿಯುತ್ತವೆ, ನಡುವೆ ಗುಂಡಿ ಬೀಳುತ್ತದೆ. ಎರಡು ದಿನದ ದುಡಿಮೆ ಎರಡು ನಿಮಿಷದಲ್ಲಿ ಮಟಾಷ್!

ಭೂಮಿಯ ಸೆಳೆತವನ್ನು ನಿಲ್ಲಿಸಲು ಯಾವ ಬೇಕರಿಯವನಿಗೂ ಆಗದು. ಆದರೆ ಬ್ರೆಡ್ಡನ್ನು ತಿರುಗಿಸಬಹುದಲ್ಲ? ತಲೆಕೆಳಗು ಮಾಡಿದರೆ ಅದೇ ಸೆಳೆತ ಟೋಪಿಯನ್ನು ಬುಡದಿಂದ ದೂರಕ್ಕೆ ಎಳೆಯುತ್ತದೆ. ಅದುಮುತ್ತಿದ್ದ ಭಾರವೇ ಈಗ ಗೋಡೆಗಳನ್ನು ಹಿಗ್ಗಿಸಿ ಹಿಡಿಯುತ್ತದೆ. ತಣ್ಣಗಾಗುತ್ತಾ ಪಿಷ್ಟ ಬಿಗಿಯಾಗುತ್ತದೆ, ಬೆಣ್ಣೆ ಹೆಪ್ಪುಗಟ್ಟುತ್ತದೆ. ಬೆಳಿಗ್ಗೆ ಕಡ್ಡಿ ಕಿತ್ತು ನೆಟ್ಟಗೆ ನಿಲ್ಲಿಸಿದರೆ ಕುಸಿಯುವುದಿಲ್ಲ. ಭಾರ ಎಳೆಯುವ ದಿಕ್ಕನ್ನು ತನ್ನ ಕೆಲಸಕ್ಕೆ ಬಳಸಿಕೊಂಡ ಈ ಉಪಾಯ ನನಗಂತೂ ಇಡೀ ಪನೆಟ್ಟೋನೆಯಲ್ಲಿ ತುಂಬ ಇಷ್ಟವಾದ ಭಾಗ, ಕಿತ್ತಳೆ ಸಿಪ್ಪೆಗಿಂತಲೂ.

ಇನ್ನೊಂದು ಸಂಗತಿ ಇದೆ. ಸಾದಾ ಬ್ರೆಡ್ಡು ಹೊರಗಿಟ್ಟರೆ ಕೆಲವೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಮುಚ್ಚಿಟ್ಟ ಪನೆಟ್ಟೋನೆ ವಾರಗಟ್ಟಲೆ ಇರುತ್ತದೆ. ಅದರಲ್ಲಿ ಇರುವ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬೂಷ್ಟಿಗೆ ಕುಡಿಯಲು ಸುಲಭವಾಗಿ ಸಿಗದು. ಬ್ಯಾಕ್ಟೀರಿಯಾ ಬಿಟ್ಟ ಆಮ್ಲವೂ ಕಾವಲು ಕಾಯುತ್ತದೆ. ಬೆಣ್ಣೆ, ಮೊಟ್ಟೆಯ ಹಳದಿ ಸೇರಿ ಪಿಷ್ಟ ಬೇಗ ಬಿರುಸಾಗದಂತೆ ನೋಡಿಕೊಳ್ಳುತ್ತವೆ.

ಹಾಗಾಗಿಯೇ ಮಿಲಾನಿನವರು ಕ್ರಿಸ್‌ಮಸ್ ಪನೆಟ್ಟೋನೆಯ ಒಂದು ತುಂಡನ್ನು ಎತ್ತಿಟ್ಟು ಫೆಬ್ರವರಿ 3ರಂದು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಅಂದು ಸಂತ ಬಿಯಾಜಿಯೋ ದಿನ. ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿಕೊಂಡ ಹುಡುಗನೊಬ್ಬನನ್ನು ಆತ ಉಳಿಸಿದನಂತೆ. ಆ ದಿನ ತಿಂದರೆ ವರ್ಷವಿಡೀ ಗಂಟಲು ನೋವು ಬರುವುದಿಲ್ಲ ಎಂಬುದು ಅಲ್ಲಿಯವರ ನಂಬಿಕೆ. ನಲವತ್ತು ದಿನ ಇಟ್ಟ ಬ್ರೆಡ್ಡು ಒಣಗಿ ಗಟ್ಟಿಯಾಗಿಯೇ ಇರುತ್ತದೆ, ಗಂಟಲಿಗೆ ಎಷ್ಟು ಒಳ್ಳೆಯದೋ ನಾನು ಕಾಣೆ. ಆದರೆ ಅಂದು ಅಂಗಡಿಯವರು ಉಳಿದ ಪನೆಟ್ಟೋನೆಗಳನ್ನು ಕಡಿಮೆ ಬೆಲೆಗೆ ಮಾರುವುದಂತೂ ನಿಜ.